ಎರ್ಚಿಮನ ಕಾರಿನ ಗವುಸು

ಲೇನಾ ನದಿ ಹೆಪ್ಪುಗಟ್ಟಿ ಅದರ ಮೇಲೆ ಲಾರಿಗಳು ಓಡಾಡುವ ಹೊತ್ತಿಗೆ ಅಕುಲಿನಾಳ ಮನೆಯಲ್ಲಿ ಕಾಲಿಡಲು ಜಾಗ ಇರುತ್ತಿರಲಿಲ್ಲ. ಮಂಚದ ಮೇಲೆ ಟಾರ್ಪಾಲಿನ ಸುರುಳಿ, ಮಂಚದ ಕೆಳಗೆ ಬಡಿದು ಹದಮಾಡಿದ ದಪ್ಪ ಉಣ್ಣೆ ಹಾಸು, ಅಡುಗೆಮನೆಯ ಮೇಜಿನ ಮೇಲೆ ಹೊಲಿಗೆ ಯಂತ್ರ. ಅವಳು ಒಂದು ಮೂಲೆಯಲ್ಲಿ ನಿಂತೇ ಚಹಾ ಕುಡಿದು ಮತ್ತೆ ಯಂತ್ರದ ಮುಂದೆ ಕೂರುವಳು. ಕಾರುಗಳಿಗೆ ಗವುಸು ಹೊಲಿಯುವುದು ಅವಳ ಕಸುಬು. ಅವಳ ಊರಾದ ಯಾಕುತ್ಸ್ಕಿನಲ್ಲಿ ಅದನ್ನು ನತಾಶ್ ಅನ್ನುತ್ತಾರೆ. ಬೆಚ್ಚನೆಯ ಗ್ಯಾರೇಜು ಇದ್ದವರಿಗೆ ಅದರ ಗೊಡವೆ ಇಲ್ಲ. ಇಲ್ಲದವರಲ್ಲಿ ಎರಡು ಬಗೆ. ಚಳಿಗಾಲದಲ್ಲೂ ಗಾಡಿ ಓಡಿಸುವವರು ನಿಲ್ಲಿಸಿದಾಗಲೆಲ್ಲ ಹೆಪ್ಪುಗಟ್ಟದಿರಲೆಂದು ಇಂಜಿನ್ ಆರಿಸದೆ ಬಿಟ್ಟು, ಗಾಡಿಯನ್ನು ಮಗುವಿನ ಹಾಗೆ ಸುತ್ತಿಡುತ್ತಾರೆ. ಓಡಿಸಲಾಗದವರು ಅಕ್ಟೋಬರಿನಲ್ಲೇ ಗಾಡಿಯನ್ನು ಮರದ ದಿಮ್ಮಿಗಳ ಮೇಲೆ ಕೂರಿಸಿ, ಗವುಸು ಹೊದಿಸಿ, ಹಗ್ಗ ಬಿಗಿದು, ಮೇ ತಿಂಗಳವರೆಗೆ ಅದರ ಮುಖ ನೋಡುವುದಿಲ್ಲ. ಇಬ್ಬರಿಗೂ ಅಕುಲಿನಾಳೇ ಬೇಕು.

ಅವಳ ತಾಯಿ ಹಿಮಸಾರಂಗದ ಕಾಲಿನ ತೊಗಲಿನಿಂದ ಬೂಟು ಹೊಲಿಯುತ್ತಿದ್ದವಳು. ಸೂಜಿ ಹಿಡಿಯುವುದನ್ನು ಅಕುಲಿನಾ ಅವಳಿಂದ ಕಲಿತಳು. ಮುಂದೆ ಕೋಟು ಹೊಲಿಯುವ ಕಾರ್ಖಾನೆಯಲ್ಲಿ ದುಡಿದಳು. ಅದು ಮುಚ್ಚಿತು. ಗಂಡ ಗವ್ರೀಲ ಲಾರಿ ಓಡಿಸುತ್ತಿದ್ದ, ಅದಕ್ಕಿಂತ ಹೆಚ್ಚು ಕುಡಿಯುತ್ತಿದ್ದ. ಒಂದು ವಸಂತದಲ್ಲಿ ನದಿಯ ಮಂಜು ತೆಳುವಾಗಿದೆ, ಹೋಗಬೇಡ ಎಂದು ಎಲ್ಲರೂ ಹೇಳಿದರೂ ಕೇಳದೆ ಹೋಗಿ ಲಾರಿಯ ಸಮೇತ ಮುಳುಗಿದ. ಮಕ್ಕಳಿರಲಿಲ್ಲ. ಐವತ್ತು ದಾಟಿದ ಹೆಂಗಸು, ಒಂಟಿ ಬದುಕು, ಗಂಡಸಿನಂಥ ಅಗಲವಾದ ಅಂಗೈ. ಮಾತು ಕಡಿಮೆ, ಆಡಿದರೆ ಮೊಳೆ ಹೊಡೆದ ಹಾಗೆ.

ಗವುಸು ಕೊಡುವಾಗ ಪ್ರತಿಯೊಬ್ಬರಿಗೂ ಒಂದು ಮಾತು ಹೇಳಿಯೇ ಕಳಿಸುತ್ತಿದ್ದಳು: "ಹಿಂದುಗಡೆ ಈ ಸೀಳು ಇದ್ಯಲ್ಲ, ಹೊಗೆ ಕೊಳವೆ ಇದರಿಂದ ಆಚೆ ಬರ್ಬೇಕು. ಇಂಜಿನ್ ಓಡ್ತಿರೋವಾಗ ಗವುಸಿನೊಳಗೆ ಜೀವ ಇರೋದು ಯಾವುದೂ ಇರ್ಬಾರ್ದು. ನಾಯೀನೂ ಬೇಡ."

ಅಂಗಳದ ಎದುರು ಮನೆಯ ಎರ್ಚಿಮನಿಗೂ ಈ ಮಾತು ಹೇಳಿದ್ದಳು. ಎರ್ಚಿಮ್ ಬಾಡಿಗೆ ಕಾರು ಓಡಿಸುತ್ತಿದ್ದ. ಜಪಾನಿನ ಹಳೆಯ ಬಿಳಿ ಗಾಡಿ, ಬಲಗಡೆ ಸ್ಟಿಯರಿಂಗು. ನಕ್ಕರೆ ಇಡೀ ಅಂಗಳಕ್ಕೆ ಕೇಳಿಸುವಂಥ ಆಳು. ಹೊಸ ಗವುಸನ್ನು ಹೆಗಲ ಮೇಲೆ ಹೊತ್ತುಕೊಂಡು ಬಾಗಿಲಲ್ಲಿ ನಿಂತು ಅವನು ಕೀಟಲೆ ಮಾಡಿದ್ದ.

"ಅಕ್ಕಾ, ನನ್ನ ಹೆಂಡ್ತಿಗೂ ಇಂಥದ್ದೊಂದು ಹೊಲ್ದುಕೊಡು. ಬಾಯಿ ಹತ್ರ ಸ್ವಲ್ಪ ದಪ್ಪಗಿರ್ಲಿ."

"ನಿಂಗೇ ಹೊಲೀತೀನಿ ಕಣೋ. ಬಾಯಿ ಹತ್ರ ತೂತೇ ಬಿಡಲ್ಲ. ಬಾಟ್ಲಿ ಹ್ಯಾಗೆ ಎತ್ತೀಯ ನೋಡ್ತೀನಿ."

"ಅಯ್ಯೋ, ಅಷ್ಟು ಕ್ರೂರಿ ಆಗ್ಬೇಡ!" ಎಂದು ನಗುತ್ತ ಮೆಟ್ಟಿಲಿಳಿದು ಹೋದ.

ಅವನ ಮನೆಯಲ್ಲಿ ಹೆಂಡತಿ ತುಯಾರಾ, ಇಬ್ಬರು ಮಕ್ಕಳು, ತಾಯಿ ಮಾರ್ಫಾ ಅಜ್ಜಿ. ಕುಡಿತ ಅವನಿಗೆ ಮೊದಲಿನಿಂದ ಇದ್ದದ್ದೇ. ಆ ಚಳಿಗಾಲದಲ್ಲಿ ಮಾತ್ರ ಅದು ಅವನನ್ನು ಕುಡಿಯತೊಡಗಿತ್ತು. ತುಯಾರಾ ಶಾಲೆಯ ಅಡುಗೆಮನೆಯಲ್ಲಿ ದುಡಿದು ಬಂದು, ಗಂಡನ ಬೂಟು ಬಿಚ್ಚಿ, ವಾಂತಿ ಒರೆಸಿ, ಬೆಳಿಗ್ಗೆ ಮತ್ತೆ ಏಳುತ್ತಿದ್ದಳು. "ಇನ್ನೊಂದ್ಸಲ ಹೀಗೆ ಬಂದ್ರೆ ಬಾಗ್ಲು ತೆಗೆಯಲ್ಲ" ಎಂದು ಅವಳು ಕೂಗುವುದು ಅಂಗಳದವರಿಗೆಲ್ಲ ಕೇಳಿಸುತ್ತಿತ್ತು. ಯಾರೂ ಅದನ್ನು ಮನಸ್ಸಿಗೆ ಹಚ್ಚಿಕೊಂಡಿರಲಿಲ್ಲ. ಆ ಸೀಮೆಯಲ್ಲಿ ಚಳಿಗಾಲದಲ್ಲಿ ಶತ್ರುವಿಗೂ ಬಾಗಿಲು ಹಾಕುವ ಪದ್ಧತಿಯಿಲ್ಲ.

ಜನವರಿಯ ಒಂದು ಸಂಜೆ. ಹೊರಗೆ ಮಂಜಿನ ಹೊಗೆ ಎಷ್ಟು ದಟ್ಟವಾಗಿತ್ತೆಂದರೆ ಎದುರು ಮನೆಯ ಕಿಟಕಿಯ ದೀಪ ಹಳದಿ ಕಲೆಯ ಹಾಗೆ ಕಾಣುತ್ತಿತ್ತು. ಅಕುಲಿನಾ ಯಂತ್ರಕ್ಕೆ ಎಣ್ಣೆ ಬಿಡುತ್ತಿದ್ದಾಗ ಬಾಗಿಲು ಬಡಿದ ಸದ್ದು. ತೆಗೆದರೆ ಎರ್ಚಿಮ್. ಹುಬ್ಬು, ರೆಪ್ಪೆಗಳ ಮೇಲೆಲ್ಲ ಬಿಳಿ ಮಂಜು. ಬಾಯಿಂದ ವೋಡ್ಕಾ ನಾತ.

"ಅಗುಳಿ ಹಾಕ್ಬಿಟ್ಟಿದ್ದಾಳೆ ಅಕ್ಕ," ಅಂದ. ನಗುತ್ತಲೇ ಅಂದ. "ನನ್ನ ಮನೆಗೆ ನನಗೇ ಅಗುಳಿ."

"ಒಳಗೆ ಬಾ. ನೆಲದ ಮೇಲೆ ಹಾಸ್ಕೊಡ್ತೀನಿ."

ಅವನು ಒಳಗಿನ ಟಾರ್ಪಾಲು, ಉಣ್ಣೆ, ನೂಲಿನ ರಾಶಿ ನೋಡಿದ. "ನಿಂಗೇ ಜಾಗ ಇಲ್ಲ. ಬೇಡ ಬಿಡು. ನೀನು ಹೊಲಿದ ಹೊದಿಕೆ ಕಾರಿನ ಮೇಲೆ ಇದ್ಯಲ್ಲ, ಇಂಜಿನ್ ಹಾಕ್ಕೊಂಡು ಸ್ವಲ್ಪ ಹೊತ್ತು ಕೂತಿರ್ತೀನಿ. ಅವಳ ಕೋಪ ಇಳಿಯುತ್ತೆ."

"ಗವುಸು ತೆಗ್ದು ಕೂತ್ಕೋ."

"ಗೊತ್ತಕ್ಕ, ಗೊತ್ತು. ನಾಯೀನೂ ಬೇಡ," ಎಂದು ಅವಳದೇ ಮಾತನ್ನು ಅಣಕಿಸಿ ಕೈ ಬೀಸಿ ಹೋದ.

ಕುಡಿದ ಗಂಡಸಿನ ಹಿಂದೆ ಮಂಜಿಗಿಳಿದು, ತೋಳು ಹಿಡಿದು ಎಳೆದು ತರುವ ಕೆಲಸವನ್ನು ಅಕುಲಿನಾ ಗವ್ರೀಲನ ಕಾಲದಲ್ಲಿ ಬೇಕಾದಷ್ಟು ಮಾಡಿದ್ದಳು. ಸಾಕಾಗಿತ್ತು. ಬಾಗಿಲು ತೆರೆದಿದ್ದಷ್ಟು ಹೊತ್ತೂ ಚಳಿ ನೆಲದ ಮೇಲೆ ಹಬೆಯಾಗಿ ಹರಿದು ಬರುತ್ತಿತ್ತು. ಅವಳು ಬಾಗಿಲು ಮುಚ್ಚಿದಳು.

ಬೆಳಿಗ್ಗೆ ತುಯಾರಾಳ ಕೂಗು ಕೇಳಿ ಕೋಟು ಹಾಕಿಕೊಳ್ಳದೆ ಓಡಿದಳು. ನಡೆದದ್ದೇನೆಂದು ನೋಡಿದ ಕೂಡಲೆ ತಿಳಿಯುವಂತಿತ್ತು. ಅಷ್ಟು ದೊಡ್ಡ ಗವುಸನ್ನು ಒಬ್ಬನೇ ತೆಗೆದು ಮಡಚುವ ತ್ರಾಣ ಅವನಿಗಿರಲಿಲ್ಲ. ಬಾಗಿಲ ಕಡೆಯ ಅಂಚು ಎತ್ತಿ ನುಸುಳಿ ಒಳಗೆ ಕೂತಿದ್ದ. ಎತ್ತಿದ ರಭಸಕ್ಕೆ ಇಡೀ ಗವುಸು ಮುಂದಕ್ಕೆ ಸರಿದು, ಹಿಂದಿನ ಸೀಳು ಹೊಗೆ ಕೊಳವೆಯಿಂದ ಜಾರಿಕೊಂಡಿತ್ತು. ಪೆಟ್ರೋಲು ಮುಗಿಯುವವರೆಗೆ ಇಂಜಿನ್ ಓಡಿದೆ. ಹೊಗೆಯೆಲ್ಲ ಒಳಗೇ ತುಂಬಿದೆ. ಎರ್ಚಿಮ್ ಟೋಪಿಯನ್ನು ತಲೆದಿಂಬು ಮಾಡಿಕೊಂಡು ಮಲಗಿದ್ದ. ಆ ವಿಷದ ಹೊಗೆಗೆ ಕೆನ್ನೆಗಳು ಕೆಂಪಗಾಗಿದ್ದವು. ಆರೋಗ್ಯವಂತನ ಹಾಗೆ ಕಾಣುತ್ತಿದ್ದ.

ಮಾರ್ಫಾ ಅಜ್ಜಿ ಮಗನ ಮುಖ ಸವರಿದಳು. ಆಮೇಲೆ ಮಂಜಿನ ಮೇಲೆ ಬಿದ್ದಿದ್ದ ಗವುಸನ್ನು ನೋಡಿದಳು, ಅಕುಲಿನಾಳನ್ನು ನೋಡಿದಳು.

"ನಿನ್ನ ಕೈಗೆ ಹುಳ ಬೀಳ್ಲಿ! ಇದೇನು ಗವುಸೇನೇ, ಹೆಣದ ಬಟ್ಟೆ! ನನ್ನ ಮಗನಿಗೆ ಹೆಣದ ಬಟ್ಟೆ ಹೊಲ್ದೆಯಲ್ಲೇ!"

ನೆರೆದವರೆಲ್ಲ ಅಕುಲಿನಾಳ ಕಡೆ ತಿರುಗಿದರು. ತುಯಾರಾ ಕೂಡ ತಲೆಯೆತ್ತಿದಳು. ಅವಳ ಕಣ್ಣಿನಲ್ಲಿ ಇದ್ದದ್ದು ಸಿಟ್ಟಲ್ಲ, ಭಯ. ಅಕುಲಿನಾ ಬಾಯಿ ತೆರೆದಿದ್ದಳು. 'ಅಗುಳಿ' ಅನ್ನುವ ಮಾತು ನಾಲಿಗೆಯ ತುದಿಯವರೆಗೆ ಬಂದಿತ್ತು. ತುಯಾರಾಳ ಹಿಂದೆ, ಹೊಸ್ತಿಲಲ್ಲಿ, ಮಕ್ಕಳಿಬ್ಬರೂ ಬರಿಗಾಲಲ್ಲಿ ನಿಂತಿದ್ದರು. ಅವಳು ಬಾಯಿ ಮುಚ್ಚಿದಳು.

ಗುಂಡಿ ತೋಡಲು ಮೊದಲು ಬೆಂಕಿ ಹಾಕಿ ನೆಲ ಕರಗಿಸಬೇಕಿತ್ತು. ಲಾರ್ಚ್ ಮರದ ದಿಮ್ಮಿಗಳನ್ನು ಉದ್ದಕ್ಕೆ ಹಾಸಿ ಹೊತ್ತಿಸಿದರು. ತುಯಾರಾಳ ಅಣ್ಣ, ದೂರದ ವಿಲ್ಯೂಯ್ ನದಿಯ ಕಡೆಯಿಂದ ಬಂದವನು, ಆ ಗವುಸನ್ನು ಸುರುಳಿ ಸುತ್ತಿ ತಂದು ಬೆಂಕಿಗೆ ಎಸೆದ. ಉಣ್ಣೆ ಸುಟ್ಟ ಕಮಟು ಹೊಗೆ ಸ್ಮಶಾನದ ತುಂಬ ಹರಡಿತು. ಟಾರ್ಪಾಲು ಮುದುಡಿಕೊಳ್ಳುತ್ತ ಒಂದು ಕ್ಷಣ ಬಿಚ್ಚಿಕೊಂಡಾಗ ತಾನು ಹಾಕಿದ ಜೋಡಿ ಹೊಲಿಗೆ ಅಕುಲಿನಾಳಿಗೆ ಕಂಡಿತು. ಬಟ್ಟೆಯೆಲ್ಲ ಬೂದಿಯಾದ ಮೇಲೂ ಆ ಗಟ್ಟಿ ನೂಲು ಕೆಂಪಗೆ ಉರಿಯುತ್ತ ಉಳಿದಿತ್ತು. ಅವಳು ಜನರಿಂದ ದೂರ ನಿಂತಿದ್ದಳು. ಹತ್ತಿರ ಬಾ ಎಂದು ಯಾರೂ ಕರೆಯಲಿಲ್ಲ.

ಆಮೇಲಿನ ದಿನಗಳನ್ನು ಹೇಳಿ ಸುಖವಿಲ್ಲ. ಅಂಗಡಿಯ ಲುಕೇರ್ಯಾ ಬಂದವರಿಗೆಲ್ಲ ರೊಟ್ಟಿಯ ಜೊತೆ ಈ ಸುದ್ದಿಯನ್ನೂ ಕಟ್ಟಿಕೊಟ್ಟಳು. ಸೀಳು ಚಿಕ್ಕದಿತ್ತಂತೆ, ಉಣ್ಣೆ ಉಳಿಸೋಕೆ ಹೋಗಿ ಅಳತೆ ಕಡಿಮೆ ಮಾಡಿದ್ದಳಂತೆ, ಗಂಡನೂ ಹಾಗೇ ಸತ್ತನಲ್ಲ, ಅವಳ ನೆರಳೇ ಸರಿಯಿಲ್ಲವಂತೆ. ಎಲುಬಿಲ್ಲದ ನಾಲಿಗೆ ಎತ್ತ ಬೇಕಾದರೂ ಹೊರಳುತ್ತದೆ. ಹೇಳಿಟ್ಟವರು ಗವುಸು ಬೇಡ ಎಂದು ಹೇಳಿಕಳಿಸಿದರು. ಕೆಲವರು ಹಿಂದಿನ ವರ್ಷ ಒಯ್ದದ್ದನ್ನೂ ತಂದು ಬಾಗಿಲ ಮುಂದೆ ಹಾಕಿಹೋದರು. ಅಕುಲಿನಾ ಅವನ್ನು ಬಿಚ್ಚಿ, ಉಣ್ಣೆ ಬೇರೆ ಮಾಡಿ, ಕೈಗವಸು ಹೊಲಿದು ದೂರದ ಸಂತೆಯಲ್ಲಿ ಮಾರಿ ಹೊಟ್ಟೆ ಹೊರೆದಳು. ಒಂದು ಮಾತು ಹೇಳಿದ್ದರೆ ಎಲ್ಲ ತಿರುವುಮುರುವಾಗುತ್ತಿತ್ತು. ಎಷ್ಟೋ ಸಲ ಕೋಟು ಹಾಕಿಕೊಂಡು ಅಂಗಡಿಯ ಕಡೆ ಹೊರಟದ್ದುಂಟು. ಪ್ರತಿ ಸಲವೂ ಅರ್ಧ ದಾರಿಯಲ್ಲಿ ಅವಳಿಗೆ ತಾನು ಮುಚ್ಚಿದ ಬಾಗಿಲು ನೆನಪಾಗುತ್ತಿತ್ತು. ತುಯಾರಾ ಹಾಕಿದ್ದು ಅಗುಳಿ. ತಾನು ಹಾಕಿದ್ದು ಏನು? ತಿರುಗಿ ಬರುತ್ತಿದ್ದಳು.

ಬೇಸಿಗೆ ಬಂದು ಹೋಯಿತು. ಸೊಳ್ಳೆ ಹೋಯಿತು, ಎಲೆ ಹಳದಿಯಾಯಿತು. ಸೆಪ್ಟೆಂಬರಿನ ಒಂದು ಮಧ್ಯಾಹ್ನ ಮಾರ್ಫಾ ಅಜ್ಜಿ ಕೋಲೂರಿಕೊಂಡು ಮೆಟ್ಟಿಲು ಹತ್ತಿ ಬಂದಳು. ಅಕುಲಿನಾ ಏನೂ ಕೇಳದೆ ಹಾಲು ಹಾಕಿದ ಚಹಾ ಮುಂದಿಟ್ಟಳು. ಮುದುಕಿ ಬಟ್ಟಲನ್ನು ಎರಡು ಕೈಯಲ್ಲಿ ಹಿಡಿದು ಎರಡು ಗುಟುಕು ಕುಡಿದಳು.

"ಕಾರು ಮಾರೋಣ ಅಂದ್ರೆ ಯಾರೂ ಕೊಳ್ಳಲ್ಲ. ಸತ್ತೋರ ಗಾಡಿ ಅಂತಾರೆ. ಸೊಸೆ ಅಣ್ಣ ಮುಂದಿನ ಬೇಸಿಗೇಲಿ ಬಂದು ತಗೊಂಡ್ಹೋಗ್ತಾನಂತೆ. ಅಲ್ಲೀತನಕ ಹೊರಗೇ ನಿಲ್ಬೇಕು. ಒಂದು ಗವುಸು ಬೇಕಿತ್ತು."

"ನನ್ನ ಹತ್ರಾನೇ?"

"ನಿನ್ನ ಹತ್ರಾನೇ." ಮುದುಕಿ ಬಟ್ಟಲು ಕೆಳಗಿಟ್ಟಳು. "ಅವತ್ತು ಅಗುಳಿ ಬಿದ್ದ ಸದ್ದು ನಂಗೆ ಕೇಳ್ಸಿತ್ತು ಅಕುಲಿನಾ. ನಾನು ಒಲೆ ಪಕ್ಕ ಮಲಗಿದ್ದೆ. ಎದ್ದು ತೆಗೀಬೋದಿತ್ತು. ಒಂದ್ಸಲ ಬುದ್ಧಿ ಬರ್ಲಿ ಅಂತ ಸುಮ್ನಾದೆ."

ಅಕುಲಿನಾ ಮೇಜಿನ ಮೇಲಿದ್ದ ನೂಲಿನ ತುಂಡನ್ನು ಬೆರಳಿಗೆ ಸುತ್ತಿಕೊಂಡಳು.

"ನಿಂಗೂ ಗೊತ್ತಿತ್ತು ಅಲ್ವಾ?"

"ಗೊತ್ತಿತ್ತು. ಇಲ್ಲಿಗೆ ಬಂದಿದ್ದ. ಅವನೇ ಹೇಳ್ದ."

"ಮತ್ತೆ ಯಾಕೆ ಬಾಯಿ ಬಿಡ್ಲಿಲ್ಲ? ಅಷ್ಟು ಶಾಪ ಹಾಕ್ದೆನಲ್ಲ ನಾನು."

"ನೀನ್ಯಾಕೆ ಹಾಕ್ದೆ ಅಜ್ಜೀ?"

ಮುದುಕಿ ಅವಳ ಕಣ್ಣಲ್ಲಿ ಕಣ್ಣಿಟ್ಟು ನೋಡಿದಳು. ಮುದುಕಿಯ ಮಾತಿನಲ್ಲಿ ನಯವೂ ಇರಲಿಲ್ಲ, ಸುಳ್ಳೂ ಇರಲಿಲ್ಲ. "ಮಗ ಹೋದ. ಸೊಸೇನೂ ಜನ ಹರ್ಕೊಂಡು ತಿಂದಿದ್ರೆ ಆ ಮಕ್ಕಳ ಗತಿ? ಯಾರ್ದಾದ್ರೂ ತಲೆ ಮೇಲೆ ಹಾಕ್ಲೇಬೇಕಿತ್ತು. ನಿನ್ನ ಹಿಂದೆ ಮುಂದೆ ಯಾರೂ ಇರ್ಲಿಲ್ಲ. ಅದಕ್ಕೆ ನಿನ್ನ ತಲೆ ಮೇಲೆ ಹಾಕ್ದೆ."

ಅಕುಲಿನಾ ಎದ್ದು ಕಿಟಕಿಯ ಹತ್ತಿರ ಹೋದಳು. ಬೈದರೆ ಬೈಯಬಹುದಿತ್ತು. ಅಂಗಳದ ಮೂಲೆಯಲ್ಲಿ ಬಿಳಿ ಕಾರು ಧೂಳು ಮೆತ್ತಿಕೊಂಡು ನಿಂತಿತ್ತು. ಹೀಗೇ ಬಿಟ್ಟರೆ ಚಳಿಗೆ ರಬ್ಬರು ಸೀಳುತ್ತದೆ, ಪುಡಿ ಮಂಜು ಸಂದುಗೊಂದುಗಳಿಂದ ಇಂಜಿನ್ನಿಗೆ ಇಳಿಯುತ್ತದೆ, ವಸಂತದಲ್ಲಿ ಹಗಲು ಕರಗಿ ರಾತ್ರಿ ಹೆಪ್ಪುಗಟ್ಟಿ ಒಳಗಿನಿಂದಲೇ ಒಡೆಯುತ್ತದೆ. ಬೇರೇನೂ ತೋಚದೆ ಅವಳು ಅದನ್ನೇ ಯೋಚಿಸುತ್ತ ನಿಂತಳು.

"ಗಾಡಿ ತೊಳೆಸಿಡಿ," ಅಂದಳು ಕೊನೆಗೆ. "ಒದ್ದೆ ಗಾಡಿ ಮೇಲೆ ಗವುಸು ಹಾಕಿದ್ರೆ ತುಕ್ಕು ಹಿಡಿಯುತ್ತೆ."

ಈ ಗವುಸಿಗೆ ಸೀಳು ಬೇಕಿರಲಿಲ್ಲ. ಓಡದ ಗಾಡಿಗೆ ಹೊಗೆಯ ದಾರಿ ಯಾಕೆ? ಆದರೂ ಹೊಲಿಯುತ್ತ ಹಿಂಬದಿಗೆ ಬಂದಾಗ ಅವಳ ಕೈ ಯಂತ್ರದ ಚಕ್ರದ ಮೇಲೆ ನಿಂತುಬಿಡುತ್ತಿತ್ತು. ಮತ್ತೆ ತಿರುಗಿಸುವಳು.

ಅಕ್ಟೋಬರಿನ ಮೊದಲಲ್ಲಿ ಮೂವರು ಹೆಂಗಸರೂ ಅಂಗಳಕ್ಕಿಳಿದರು. ಸಹಾಯಕ್ಕೆ ಗಂಡಸರ್ಯಾರೂ ಬರಲಿಲ್ಲ. ಅಕುಲಿನಾ ಜಾಕಿ ಎತ್ತಿದಳು, ತುಯಾರಾ ದಿಮ್ಮಿ ತಳ್ಳಿದಳು. ಚಕ್ರಗಳನ್ನು ಬಿಚ್ಚಿ ಉರುಳಿಸಿಕೊಂಡು ಹೋಗಿ ಹೆಪ್ಪುಗಟ್ಟಿದ ನೆಲದಿಂದ ಮನೆಯನ್ನು ಎತ್ತಿ ಹಿಡಿದಿದ್ದ ಕಂಬಗಳ ನಡುವೆ ಇಟ್ಟರು. ಬ್ಯಾಟರಿಯನ್ನು ತುಯಾರಾ ಎದೆಗೊತ್ತಿಕೊಂಡು ಒಳಗೆ ಒಯ್ದಳು. ಬೇಕಿದ್ದಷ್ಟು ಮಾತೇ: ಹಿಡಿ, ಬಿಡು, ಸ್ವಲ್ಪ ಎಡಕ್ಕೆ.

"ಹೊಗೆ ಕೊಳವೆಗೆ ಚಿಂದಿ ತುರುಕ್ಬೇಕು," ಅಂದಳು ಅಕುಲಿನಾ. "ಇಲ್ದಿದ್ರೆ ಇಲಿ ಗೂಡು ಮಾಡುತ್ತೆ."

ಹೇಳಿದ ಮೇಲೆ, ತಾನೇ ಸುಮ್ಮನೆ ಮಾಡಿಬಿಡಬೇಕಿತ್ತು ಅನ್ನಿಸಿತು. ಅಷ್ಟರಲ್ಲಿ ತುಯಾರಾ ಮಂಡಿಯೂರಿ ಕೂತಿದ್ದಳು. ಹಳೆಯ ಅಂಗಿಯೊಂದನ್ನು ಹರಿದು ಹರಿದು ಕೊಳವೆಗೆ ತುರುಕಿದಳು. ತುಂಬಿದ ಮೇಲೂ ಮುಷ್ಟಿಯಿಂದ ಗುದ್ದಿ ಗುದ್ದಿ ತುರುಕಿದಳು. ಬೆರಳ ಗೆಣ್ಣು ಒಡೆದು ರಕ್ತ ಬಂತು. ಮಾರ್ಫಾ ಅಜ್ಜಿ ಮುಖ ತಿರುಗಿಸಿಕೊಂಡಳು. ಅಕುಲಿನಾ ಹೋಗಿ ತುಯಾರಾಳ ಮಣಿಕಟ್ಟು ಹಿಡಿದಳು.

"ಸಾಕು ಕಣೆ. ಆಯ್ತು."

ಗವುಸು ಹೊದಿಸಿ, ಕಾರಿನ ಹೊಟ್ಟೆಯ ಕೆಳಗಿಂದ ಹಗ್ಗ ಹಾಯಿಸಿ ಬಿಗಿದರು. ಮಂಜು ಬಿದ್ದ ಮೇಲೆ ಅಂಚಿನ ಸುತ್ತ ಸಲಿಕೆಯಿಂದ ಒಟ್ಟಿ ತುಳಿದರು, ಗಾಳಿ ನುಗ್ಗದ ಹಾಗೆ.

ಊರು ಇದನ್ನು ಗಮನಿಸದೆ ಇರುತ್ತದೆಯೇ? ಡಿಸೆಂಬರಿನಲ್ಲಿ ಒಂದು ದಿನ ಅಂಗಡಿಯಲ್ಲಿ ಸಾಲು ಉದ್ದವಿತ್ತು. ತುಯಾರಾ ಮುಂದೆ ಇದ್ದಳು, ಅಕುಲಿನಾ ಹಿಂದೆ ಗೋಡೆಗೆ ಒತ್ತಿಕೊಂಡು ನಿಂತಿದ್ದಳು. ಲುಕೇರ್ಯಾ ಹೆಪ್ಪುಗಟ್ಟಿದ ಹಾಲಿನ ಬಿಲ್ಲೆಗಳನ್ನು ಕಾಗದಕ್ಕೆ ಸುತ್ತುತ್ತ ಎಲ್ಲರಿಗೂ ಕೇಳುವ ಹಾಗೆ ಅಂದಳು:

"ಅಲ್ಲ ತುಯಾರಾ, ಮತ್ತೆ ಅವಳ ಹತ್ರಾನೇ ಗವುಸು ಹೊಲಿಸಿದ್ಯಂತೆ? ಗಂಡನ್ನ ತಿಂದೋಳ ಕೈಲಿ? ನಿಂಗೆ ಮೈಮೇಲೆ ಜ್ಞಾನ ಇದ್ಯಾ?"

ಕೆಲವರು ಕಿಸಕ್ಕೆಂದರು. ಅಕುಲಿನಾ ನೆಲ ನೋಡುತ್ತಿದ್ದಳು. ತುಯಾರಾ ಹಾಲಿನ ಕಟ್ಟನ್ನು ಚೀಲಕ್ಕೆ ಹಾಕಿಕೊಂಡಳು. ಆಮೇಲೆ, ಚಳಿ ಜಾಸ್ತಿಯಾಗಿದೆ ಅನ್ನುವಷ್ಟೇ ಸಪ್ಪೆ ದನಿಯಲ್ಲಿ ಅಂದಳು:

"ಅವಳಲ್ಲ. ಅಗುಳಿ ಹಾಕಿದ್ದು ನಾನು. ಅವನು ಬಡೀತಾ ಇದ್ದ. ನಾನು ತೆಗೀಲಿಲ್ಲ."

ಸಾಲು ಎರಡಾಗಿ ಸರಿದು ಅವಳಿಗೆ ದಾರಿ ಬಿಟ್ಟಿತು. ಅದು ಮರ್ಯಾದೆಯ ದಾರಿಯಲ್ಲ, ಮೈ ತಾಗಬಾರದೆಂದು ಬಿಟ್ಟ ದಾರಿ.

ಅಕುಲಿನಾ ಕೊಳ್ಳಬೇಕಾದ್ದನ್ನು ಕೊಳ್ಳದೆ ಅವಳ ಹಿಂದೆ ಓಡಿದಳು. ಮನೆಗಳನ್ನು ಬೆಚ್ಚಗಿಡುವ ಬಿಸಿನೀರಿನ ದಪ್ಪ ಕೊಳವೆಗಳು ರಸ್ತೆಯ ಮೇಲೆ ಕಮಾನಾಗಿ ಹಾಯುವ ಜಾಗದಲ್ಲಿ ಅವಳನ್ನು ಹಿಡಿದಳು.

"ಯಾಕೆ ಹೇಳ್ದೆ? ನಾನು ಕೇಳಿದ್ನಾ? ನಾನು ಹೊತ್ಕೊಂಡಿದ್ನಲ್ಲ!"

"ನೀನು ತಲೆ ತಗ್ಗಿಸ್ಕೊಂಡು ನಿಂತಿದ್ಯಲ್ಲ ಅಕ್ಕ, ನೋಡೋಕಾಗ್ಲಿಲ್ಲ." ತುಯಾರಾಳ ಉಸಿರು ಅವಳ ಶಾಲಿನ ಮೇಲೆ ಬಿಳಿಯಾಗಿ ಕಟ್ಟುತ್ತಿತ್ತು. "ಅವನು ನಿನ್ನ ಕಡೆ ಹೋದ್ಮೇಲೆ ನಿನ್ನ ಬಾಗ್ಲು ತೆರೆದ ಬೆಳಕು ಆ ಮಂಜಲ್ಲೂ ಕಿಟಕೀಲಿ ಕಂಡಿತ್ತು. ನೀನು ಒಳಗೆ ಕರ್ಕೋತೀಯ ಅಂದ್ಕೊಂಡೆ. ಅದೇ ಧೈರ್ಯದ ಮೇಲೆ ಮಲಗ್ದೆ."

ಅಕುಲಿನಾ ಅವಳ ತೋಳು ಹಿಡಿದಳು. "ಕರೆದೆ ಕಣೆ. ಒಂದ್ಸಲ ಕರೆದೆ. ಎರಡ್ನೇ ಸಲ ಕರೀಲಿಲ್ಲ."

ಇಬ್ಬರೂ ಆ ಕೊಳವೆಯ ಕೆಳಗೆ ನಿಂತರು. ಹೆಚ್ಚು ಹೊತ್ತು ನಿಲ್ಲಬಹುದಾದ ಚಳಿ ಅದಲ್ಲ. ಅತ್ತರೆ ಕಣ್ಣೀರು ರೆಪ್ಪೆಗೇ ಅಂಟಿಕೊಳ್ಳುತ್ತದೆ. ತುಯಾರಾ ತೋಳಿನಿಂದ ಮುಖ ಒರೆಸಿಕೊಂಡು, "ಮಕ್ಕಳು ಶಾಲೆಯಿಂದ ಬರೋ ಹೊತ್ತಾಯ್ತು" ಎಂದು ಹೊರಟಳು.

ಊರು ತನ್ನ ಸಿಟ್ಟನ್ನು ಒಬ್ಬಳ ಮೈಯಿಂದ ಬಿಚ್ಚಿ ಇನ್ನೊಬ್ಬಳಿಗೆ ತೊಡಿಸಿತು. ಮಾರ್ಫಾ ಅಜ್ಜಿ ಹೆದರಿದ್ದೆಲ್ಲ ಒಂದೊಂದಾಗಿ ನಡೆಯಿತು. ಶಾಲೆಯ ಅಡುಗೆಮನೆಯಲ್ಲಿ ತುಯಾರಾಳ ಪಕ್ಕ ಯಾರೂ ಕೂರಲಿಲ್ಲ. ಮಗಳ ಜಡೆ ಹಿಡಿದೆಳೆದು, "ನಿಮ್ಮಮ್ಮ ನಿಮ್ಮಪ್ಪನ್ನ ಆಚೆ ಹಾಕಿದ್ಲಂತೆ" ಎಂದು ಹುಡುಗರು ಕೂಗಿದರು. ಮುದುಕಿ ಹಾಸಿಗೆ ಹಿಡಿದಳು. ನದಿಯ ಮಂಜು ಒಡೆಯುವ ಮುಂಚೆ ಸತ್ತಳು. ಕೊನೆಯ ದಿನಗಳಲ್ಲಿ ಅವಳಿಗೆ ಮೀನಿನ ಸಾರು ಕುಡಿಸಿದವರು ಇಬ್ಬರೇ, ತುಯಾರಾ ಮತ್ತು ಅಕುಲಿನಾ. ಸಾಯುವ ಮುಂಚೆ ಮುದುಕಿ ಇಬ್ಬರಲ್ಲಿ ಯಾರಿಗೂ ಒಳ್ಳೆಯ ಮಾತು ಹೇಳಲಿಲ್ಲ. ಮಗನ ಹೆಸರನ್ನಷ್ಟೇ ಕರೆದಳು.

ಜೂನಿನಲ್ಲಿ ವಿಲ್ಯೂಯಿನಿಂದ ಅಣ್ಣ ಬಂದ. ಹಗ್ಗ ಬಿಚ್ಚಿ ಗವುಸು ಎಳೆದಾಗ ಕಾರು ಹಾಕಿಟ್ಟ ದಿನದ ಹಾಗೇ ಇತ್ತು. ಗಾಜು ಸೀಳಿರಲಿಲ್ಲ, ಒಳಗೆ ಒಂದು ಹನಿ ತೇವವಿರಲಿಲ್ಲ. ಅವನು ಕೊಳವೆಯ ಚಿಂದಿ ಕಿತ್ತೆಸೆದು, ಚಕ್ರ ಹಾಕಿ, ಬ್ಯಾಟರಿ ಕೂರಿಸಿ ಕೀಲಿ ತಿರುಗಿಸಿದ. ಇಂಜಿನ್ ಕೆಮ್ಮಿ ಹೊತ್ತಿಕೊಂಡಿತು. ಆ ಸದ್ದಿಗೆ ತುಯಾರಾ ಬಿಳಿಚಿಕೊಂಡು ಕಾರಿನಿಂದ ದೂರ ಸರಿದಳು. ಊರು ಬಿಟ್ಟು ಹೋಗಲು ಅದನ್ನೇ ಹತ್ತಬೇಕಿತ್ತು. ಮಕ್ಕಳನ್ನು ಹಿಂದೆ ಕೂರಿಸಿ, ತಾನೂ ಅವರ ಪಕ್ಕದಲ್ಲೇ ಕೂತಳು. ಮುಂದಿನ ಸೀಟಿನ ಕಡೆ ನೋಡಲಿಲ್ಲ. ಅಕುಲಿನಾ ಕಿಟಕಿಯಿಂದ ಒಂದು ಗಂಟು ಒಳಕ್ಕೆ ಕೊಟ್ಟಳು. ಬೆಣ್ಣೆ ಹಾಕಿ ಹುಯ್ದ ದೋಸೆಯಂಥ ರೊಟ್ಟಿ, ಇನ್ನೂ ಬಿಸಿಯಿತ್ತು.

"ದಾರೀಲಿ ತಿನ್ನಿ."

"ಹೂಂ ಅಕ್ಕ."

ಅಷ್ಟೇ. ಕಾರು ದೋಣಿಕಟ್ಟೆಯ ಕಡೆ ತಿರುಗಿತು.

ಆ ಶರತ್ಕಾಲದಲ್ಲಿ ಜನ ಅಕುಲಿನಾಳ ಬಳಿ ಮತ್ತೆ ಬರತೊಡಗಿದರು. ಏನೂ ಆಗದವರ ಹಾಗೆ ಬಂದರು, ಹಳೆಯ ಮಾತು ಯಾರೂ ಎತ್ತಲಿಲ್ಲ. ಅವಳೂ ಎತ್ತಲಿಲ್ಲ, ಅಳತೆ ಬರೆದುಕೊಂಡು ಹೊಲಿದು ಕೊಟ್ಟಳು. ಕೊಡುವಾಗ ಹೇಳುವ ಮಾತನ್ನು ಈಗ ಎರಡು ಸಲ ಹೇಳುತ್ತಿದ್ದಳು. ಕೇಳಿಸಿಕೊಂಡವರು ಬಾಯಿ ಬಿಟ್ಟು ತಿರುಗಿ ಹೇಳುವವರೆಗೆ ಗವುಸು ಬಿಡುತ್ತಿರಲಿಲ್ಲ.

ಲುಕೇರ್ಯಾಳೂ ಬಂದಳು. ಮಗ ಹೊಸ ಗಾಡಿ ತಂದಿದ್ದ. ಒಂದು ಪೆಟ್ಟಿಗೆ ಸಿಹಿ ತಂದು ಮೇಜಿನ ಮೇಲಿಟ್ಟು, ಕುರ್ಚಿಯ ಮೇಲಿದ್ದ ಟಾರ್ಪಾಲು ಸರಿಸಿ ತಾನೇ ಕೂತಳು.

"ಸದ್ಯ, ಆ ಪಿಶಾಚಿ ಊರು ಬಿಟ್ಲಲ್ಲ. ನಿನ್ನ ಮೇಲೆ ಸುಮ್ಸುಮ್ನೆ ಅಪವಾದ ಬಂತು ನೋಡು. ನಾನು ಆಗ್ಲೇ ಅಂದ್ಕೊಂಡಿದ್ದೆ, ಕಟ್ಕೊಂಡ ಗಂಡನಿಗೇ ಅಗುಳಿ ಹಾಕೋ ಹೆಂಗಸು..."

ಅಕುಲಿನಾ ಯಂತ್ರ ನಿಲ್ಲಿಸಿದಳು. ಸಿಹಿಯ ಪೆಟ್ಟಿಗೆ ಎತ್ತಿ ಅವಳ ಮಡಿಲಲ್ಲಿಟ್ಟಳು.

"ಬೇರೆ ಕಡೆ ಹೊಲಿಸ್ಕೋ ಹೋಗು."

"ಅಯ್ಯೋ, ನಿನ್ನ ಪರವಾಗೇ ತಾನೆ ಮಾತಾಡ್ತಿರೋದು!"

"ಗೊತ್ತು. ಬೇರೆ ಕಡೆ ಹೊಲಿಸ್ಕೋ."

ಲುಕೇರ್ಯಾ ಗೊಣಗುತ್ತ ಮೆಟ್ಟಿಲಿಳಿದಳು. ಹೊರಗೆ ಮೊದಲ ಮಂಜು ಬೀಳುತ್ತಿತ್ತು. ಎದುರು ಮನೆಗೆ ಬಾಡಿಗೆಗೆ ಬಂದ ಹೊಸ ಗಂಡ ಹೆಂಡತಿ ಅಂಗಳದ ಆ ಖಾಲಿ ಮೂಲೆಯಲ್ಲಿ ತಮ್ಮ ಕಾರು ನಿಲ್ಲಿಸಿ, ಇಲ್ಲಿ ಗವುಸು ಹೊಲಿಯುವವರು ಯಾರು ಎಂದು ಯಾರನ್ನೋ ಕೇಳುತ್ತಿದ್ದರು. ಅಕುಲಿನಾ ಅಳತೆಪಟ್ಟಿ ಕೊರಳಿಗೆ ಹಾಕಿಕೊಂಡು, ಕೋಟು ತೊಟ್ಟು ಕೆಳಗಿಳಿದಳು.